ಯಂತ್ರ ಯೋಚಿಸುತ್ತದೆಯೇ? ಅಂಕ ಹೇಳದ್ದನ್ನು ತಪ್ಪುಗಳು ಹೇಳುತ್ತವೆ

34957ಕ್ಕೆ 70764 ಕೂಡಿಸಿದರೆ ಎಷ್ಟು? ಗಣಿತಜ್ಞ ಅಲನ್ ಟ್ಯೂರಿಂಗ್ 1950ರ ಅಕ್ಟೋಬರಿನಲ್ಲಿ ‘ಮೈಂಡ್’ ಪತ್ರಿಕೆಗೆ ಬರೆದ ಲೇಖನದಲ್ಲಿ, ಎದುರಿಗಿರುವುದು ಯಂತ್ರವೋ ಮನುಷ್ಯರೋ ಎಂದು ಪತ್ತೆ ಹಚ್ಚುವ ಆಟದಲ್ಲಿ ಪರೀಕ್ಷಕರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಉತ್ತರಿಸುವವರು ಸುಮಾರು 30 ಸೆಕೆಂಡು ತಡೆದು 105621 ಎನ್ನುತ್ತಾರೆ. ಕಾಗದದ ಮೇಲೆ ಕೂಡಿಸಿ ನೋಡಿ, 105721 ಬರುತ್ತದೆ. ಅಚ್ಚಿನ ದೋಷವಿರಬೇಕು ಎಂದು ಸುಮ್ಮನೆ ಮುಂದೆ ಹೋಗುವ ಹಾಗಿಲ್ಲ. ಅದೇ ಲೇಖನದಲ್ಲಿ ಟ್ಯೂರಿಂಗ್ ಇನ್ನೊಂದು ಮಾತು ಹೇಳುತ್ತಾರೆ: ಈ ಆಟಕ್ಕೆ ಇಳಿದ ಯಂತ್ರ ಲೆಕ್ಕಗಳಿಗೆ ಸರಿಯುತ್ತರ ಕೊಡಲು ಹೋಗುವುದಿಲ್ಲ, ಪರೀಕ್ಷಕರ ದಿಕ್ಕು ತಪ್ಪಿಸಲು ಬೇಕೆಂದೇ ತಪ್ಪು ಮಾಡುತ್ತದೆ.

ಇಡೀ ವಿಷಯದ ತೊಡಕು ಈ ಒಂದು ಕೂಡುವ ಲೆಕ್ಕದಲ್ಲಿದೆ. ಮನುಷ್ಯರಂತೆ ಕಾಣಬೇಕಾದ ಯಂತ್ರ ತನಗೆ ಬರುವುದನ್ನು ಮುಚ್ಚಿಡಬೇಕು. ಹಾಗಾದರೆ ಅಳೆಯುತ್ತಿರುವುದು ಯೋಚನೆಯನ್ನೋ, ನಟನೆಯನ್ನೋ? ‘ಯಂತ್ರ ಮನುಷ್ಯರಂತೆ ಯೋಚಿಸುತ್ತದೆಯೇ’ ಎಂದು ಕೇಳುವಾಗ ನಾವು ಮೂರು ಬೇರೆ ಪ್ರಶ್ನೆಗಳನ್ನು ಒಟ್ಟಿಗೇ ಕೇಳುತ್ತಿರುತ್ತೇವೆ. ಮನುಷ್ಯರೆಂದು ನಂಬಿಸಬಲ್ಲದೇ? ಮನುಷ್ಯರಷ್ಟು ಚೆನ್ನಾಗಿ ಕೆಲಸ ಮಾಡಬಲ್ಲದೇ? ಮನುಷ್ಯರು ಹಿಡಿಯುವ ದಾರಿಯಲ್ಲೇ ಉತ್ತರಕ್ಕೆ ಬರುತ್ತದೆಯೇ? ಮೂರಕ್ಕೂ ಪ್ರತ್ಯೇಕ ಪರೀಕ್ಷೆ ಬೇಕು. ಒಂದರ ಫಲಿತಾಂಶ ಹಿಡಿದುಕೊಂಡು ಇನ್ನೊಂದಕ್ಕೆ ಉತ್ತರ ಸಿಕ್ಕಿತು ಎಂದು ಸಾರುವುದು ಈಗ ಸುದ್ದಿಗಳಲ್ಲಿ ದಿನನಿತ್ಯ ಆಗುತ್ತಿರುವ ಎಡವಟ್ಟು.

ನಂಬಿಸುವ ಆಟ

ಟ್ಯೂರಿಂಗ್ ಹೇಳಿದ, ಈಗ ‘ಟ್ಯೂರಿಂಗ್ ಪರೀಕ್ಷೆ’ ಎಂದು ಕರೆಯುವ ಆಟದ ಮೂಲರೂಪ ಹೀಗಿದೆ. ಒಬ್ಬ ಗಂಡಸು, ಒಬ್ಬ ಹೆಂಗಸು, ಬೇರೆ ಕೋಣೆಯಲ್ಲಿ ಒಬ್ಬ ಪರೀಕ್ಷಕ. ಮಾತುಕತೆಯೆಲ್ಲ ಟೆಲಿಪ್ರಿಂಟರ್ ಮೂಲಕ. ದನಿ, ಮುಖ, ಕೈಬರಹ ಯಾವುದೂ ಸಿಗಬಾರದು. ಯಾರು ಗಂಡಸು, ಯಾರು ಹೆಂಗಸು ಎಂದು ಪರೀಕ್ಷಕ ಹೇಳಬೇಕು. ಇಬ್ಬರಲ್ಲಿ ಒಬ್ಬರ ಜಾಗಕ್ಕೆ ಯಂತ್ರ ಬಂದು ಕೂತರೆ ಪರೀಕ್ಷಕ ಮೊದಲಿನಷ್ಟೇ ಸಲ ಎಡವುತ್ತಾನೆಯೇ ಎಂಬುದು ಪ್ರಶ್ನೆ. ಇನ್ನು 50 ವರ್ಷಗಳಲ್ಲಿ, 5 ನಿಮಿಷ ಪ್ರಶ್ನೆ ಕೇಳಿದ ಸಾಮಾನ್ಯ ಪರೀಕ್ಷಕರಿಗೆ ಸರಿಯಾಗಿ ಗುರುತಿಸುವ ಸಾಧ್ಯತೆ ಶೇ 70ಕ್ಕಿಂತ ಹೆಚ್ಚಿರಲಾರದು ಎಂದು ಅವರು ಅಂದಾಜಿಸಿದ್ದರು. ಅದು ಭವಿಷ್ಯದ ಅಂದಾಜು ಮಾತ್ರ. ‘ಶೇ 30 ಜನರನ್ನು ನಂಬಿಸಿದರೆ ಪಾಸು’ ಎಂಬ ನಿಯಮ ಅವರ ಲೇಖನದಲ್ಲಿ ಎಲ್ಲಿಯೂ ಇಲ್ಲ. ಅದನ್ನು ನಂತರದವರು ಹುಟ್ಟಿಸಿಕೊಂಡರು.

ಆ ಹುಟ್ಟಿಸಿಕೊಂಡ ನಿಯಮದ ಮೇಲೆಯೇ 2014ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ರೀಡಿಂಗ್ ವಿಶ್ವವಿದ್ಯಾಲಯ ನಡೆಸಿದ ಸ್ಪರ್ಧೆಯಲ್ಲಿ ‘ಯೂಜೀನ್ ಗೂಸ್ಟ್‌ಮನ್’ ಎಂಬ ಚಾಟ್‌ಬಾಟ್ ಟ್ಯೂರಿಂಗ್ ಪರೀಕ್ಷೆ ಪಾಸಾಯಿತು ಎಂಬ ಸುದ್ದಿ ಹರಡಿತು. 30 ಪರೀಕ್ಷಕರಲ್ಲಿ 10 ಜನ ಅದನ್ನು ಮನುಷ್ಯ ಎಂದಿದ್ದರು, ಅಂದರೆ ಶೇ 33. ಇಷ್ಟು ಚಿಕ್ಕ ಗುಂಪಿಗೆ ಅಂಕಿಅಂಶದ ಲೆಕ್ಕ ಹಾಕಿದರೆ ನಿಜವಾದ ಪ್ರಮಾಣ ಶೇ 19ರಿಂದ 51ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಗೆರೆ ದಾಟಿತೋ ಇಲ್ಲವೋ ಎಂದು ಹೇಳಲು ಆ ಸಂಖ್ಯೆಗೆ ಶಕ್ತಿಯೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು ವೇಷ: ಇಂಗ್ಲಿಷ್ ಅಷ್ಟಾಗಿ ಬಾರದ, ಉಕ್ರೇನಿನ 13 ವರ್ಷದ ಹುಡುಗ. ವ್ಯಾಕರಣ ತಪ್ಪಿದರೆ ಪರಭಾಷೆ, ವಿಷಯ ಗೊತ್ತಿಲ್ಲದಿದ್ದರೆ ಚಿಕ್ಕ ವಯಸ್ಸು, ಮಾತು ಹಳಿ ತಪ್ಪಿದರೆ ಹುಡುಗಾಟ. ಯಾವ ತಪ್ಪಿಗೂ ಪರೀಕ್ಷಕರೇ ಸಮಾಧಾನ ಹೇಳಿಕೊಳ್ಳುವಂತೆ ಹೆಣೆದ ಪಾತ್ರ ಅದು.

ಇದರ ಉಲ್ಟಾ ಪ್ರಕರಣ ಇನ್ನೂ ಹಳೆಯದು. 1991ರಲ್ಲಿ ಬಾಸ್ಟನ್ನಿನ ಕಂಪ್ಯೂಟರ್ ಮ್ಯೂಸಿಯಂನಲ್ಲಿ ಚಾಟ್‌ಬಾಟ್‌ಗಳಿಗೆ ಇಂಥದೇ ಪರೀಕ್ಷೆ ಇಡುವ ಲೋಬ್ನರ್ ಸ್ಪರ್ಧೆ ಮೊದಲ ಸಲ ನಡೆದಾಗ ಶೇಕ್ಸ್‌ಪಿಯರ್ ಬಗ್ಗೆ ಮಾತಾಡುತ್ತಿದ್ದ ನಿಜವಾದ ಮಹಿಳೆಯೊಬ್ಬರನ್ನು ಕೆಲವು ಪರೀಕ್ಷಕರು ಯಂತ್ರವೆಂದು ಬರೆದರು. ಮನುಷ್ಯರಿಗೆ ಇಷ್ಟೆಲ್ಲ ಗೊತ್ತಿರುವುದಿಲ್ಲ ಎಂಬುದು ಅವರ ವಾದ. ಇಲ್ಲಿ ಪರೀಕ್ಷೆಗೆ ಒಳಗಾದದ್ದು ಮನುಷ್ಯರ ಬಗ್ಗೆ ಪರೀಕ್ಷಕರಿಗೆ ಇದ್ದ ಕಲ್ಪನೆ.

ಈಗಿನ ಭಾಷಾ ಮಾದರಿಗಳ (ಅಪಾರ ಪಠ್ಯದಿಂದ ಕಲಿತು ಮಾತು ಹೆಣೆಯುವ ಎಐ ಪ್ರೋಗ್ರಾಂಗಳ) ಮೇಲೆ ಈ ಆಟವನ್ನು ಹೆಚ್ಚು ಕಟ್ಟುನಿಟ್ಟಾಗಿ ಆಡಿಸಿದವರು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಮರಾನ್ ಜೋನ್ಸ್ ಮತ್ತು ಬೆಂಜಮಿನ್ ಬರ್ಗನ್. 2025ರ ಅವರ ಪ್ರಯೋಗದಲ್ಲಿ ಪರೀಕ್ಷಕರು ಏಕಕಾಲಕ್ಕೆ ಇಬ್ಬರ ಜೊತೆ 5 ನಿಮಿಷ ಬರೆದು ಮಾತಾಡುತ್ತಾರೆ. ಒಬ್ಬರು ಮನುಷ್ಯ, ಇನ್ನೊಂದು ಯಂತ್ರ. ಇಂಟರ್ನೆಟ್ ಭಾಷೆ ಬಲ್ಲ, ಹೆಚ್ಚು ಮಾತಾಡದ ಯುವಕನ ಪಾತ್ರ ವಹಿಸು ಎಂದು ಹೇಳಿಕೊಟ್ಟಾಗ ಓಪನ್‌ಎಐ ಕಂಪನಿಯ ಜಿಪಿಟಿ–4.5 ಶೇ 73ರಷ್ಟು ಸಲ ಮನುಷ್ಯನೆಂದು ಆಯ್ಕೆಯಾಯಿತು. ಆ ಪಾತ್ರ ಕೊಡದಿದ್ದಾಗ ಅದೇ ಮಾದರಿ ಶೇ 36ಕ್ಕೆ ಇಳಿಯಿತು. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಬರೆದ ‘ಎಲಿಜಾ’ ಎಂಬ ಪ್ರೋಗ್ರಾಂಗೆ ಶೇ 23 ಬಂತು. ಪಾತ್ರ ವಹಿಸದ ಜಿಪಿಟಿ–4ಒ ಗಳಿಸಿದ್ದು ಶೇ 21.

ಈ ನಾಲ್ಕು ಸಂಖ್ಯೆಗಳನ್ನು ಅವಸರದಲ್ಲಿ ಓದಬಾರದು. ಎಲಿಜಾ ಮಾಡುವುದಿಷ್ಟೇ: ವಾಕ್ಯದಲ್ಲಿ ಒಂದು ಗುರುತಿನ ಪದ ಹುಡುಕುತ್ತದೆ, ‘ನನಗೆ’ ಇದ್ದಲ್ಲಿ ‘ನಿಮಗೆ’ ಮಾಡಿ ಮಾತನ್ನೇ ಪ್ರಶ್ನೆಯಾಗಿ ಹಿಂದಿರುಗಿಸುತ್ತದೆ, ಏನೂ ಸಿಗದಿದ್ದರೆ ‘ಮುಂದೆ ಹೇಳಿ’ ಎನ್ನುತ್ತದೆ. ಅಂಥ ಪ್ರೋಗ್ರಾಂಗೆ ನಾಲ್ಕರಲ್ಲೊಂದು ವೋಟು ಬೀಳುವುದಕ್ಕೆ ಒಂದು ಕಾರಣ, ಇಷ್ಟು ಒರಟಾಗಿ, ಸಹಾಯ ಮಾಡದೆ ಮಾತಾಡುವುದು ಈ ಕಾಲದ ಎಐ ಆಗಿರಲಾರದು ಎಂದು ಕೆಲವರು ಭಾವಿಸುವುದು. ಪಾತ್ರ ಬದಲಾದರೆ ಅದೇ ಮಾದರಿಯ ಅಂಕ ದುಪ್ಪಟ್ಟಾಗುತ್ತದೆ ಎಂದ ಮೇಲೆ ಆ ಅಂಕ ಬುದ್ಧಿಯ ಅಳತೆ ಆಗಿರಲು ಸಾಧ್ಯವಿಲ್ಲ. ಎರಡೂ ಸಲ ಒಳಗಿದ್ದ ಮಾದರಿ ಒಂದೇ. ಇನ್ನು ಶೇ 73. ಯಂತ್ರ ಮತ್ತು ಮನುಷ್ಯರ ನಡುವೆ ವ್ಯತ್ಯಾಸವೇ ತಿಳಿಯದಿದ್ದರೆ ಫಲಿತಾಂಶ ಶೇ 50ರ ಆಸುಪಾಸಿನಲ್ಲಿ ನಿಲ್ಲಬೇಕಿತ್ತು. 73 ಎಂದರೆ ಪರೀಕ್ಷಕರಿಗೆ ವ್ಯತ್ಯಾಸ ಕಂಡಿದೆ, ಆದರೆ ಅವರು ಅದನ್ನು ತಿರುಗುಮುರುಗಾಗಿ ಓದಿದ್ದಾರೆ.

ಇಷ್ಟಾದರೂ ಈ ಪರೀಕ್ಷೆಯನ್ನು ಕಸದ ಬುಟ್ಟಿಗೆ ಎಸೆಯಬೇಕಿಲ್ಲ. ಆನ್‌ಲೈನ್ ವಂಚನೆ, ನಕಲಿ ಖಾತೆ, ಮೋಸದ ಕರೆ ಇವುಗಳ ಅಪಾಯ ಅಳೆಯಲು ‘ನಂಬಿಸಬಲ್ಲದೇ’ ಎಂಬುದೇ ಸರಿಯಾದ ಪ್ರಶ್ನೆ. ಯೋಚನೆಯ ಬಗ್ಗೆ ಮಾತ್ರ ಅದರಿಂದ ಏನೂ ಹೊರಡುವುದಿಲ್ಲ.

ಪ್ರಶ್ನೆಪತ್ರಿಕೆಯ ದಾರಿ

ಎರಡನೆಯ ದಾರಿ ಪರೀಕ್ಷೆ ಬರೆಸುವುದು. 2020ರಲ್ಲಿ ಬಂದ ಎಂಎಂಎಲ್‌ಯು ಎಂಬ ಪ್ರಶ್ನೆಗಂಟಿನಲ್ಲಿ ಕಾನೂನು, ವೈದ್ಯಕೀಯ, ಗಣಿತ, ಇತಿಹಾಸ ಸೇರಿ 57 ವಿಷಯಗಳಿವೆ, ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ. ಕಣ್ಣು ಮುಚ್ಚಿ ಗುರುತು ಹಾಕಿದರೂ ಶೇ 25 ಸಿಗುತ್ತದೆ. ಜಿಪಿಟಿ–3ಕ್ಕೆ ಶೇ 43.9 ಸಿಕ್ಕಿತ್ತು, 2023ರಲ್ಲಿ ಜಿಪಿಟಿ–4 ಶೇ 86.4ಕ್ಕೆ ಬಂತು. ನಂತರ ಪ್ರಶ್ನೆಗಳನ್ನೇ ಕೂಲಂಕಷವಾಗಿ ನೋಡಿದ ಸಂಶೋಧಕರಿಗೆ ಸುಮಾರು ಶೇ 6.5ರಷ್ಟು ಪ್ರಶ್ನೆಗಳಲ್ಲೇ ದೋಷ ಕಂಡಿತು. ವೈರಾಣು ವಿಜ್ಞಾನದ ಭಾಗದಲ್ಲಂತೂ ಪರಿಶೀಲಿಸಿದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ದೋಷಪೂರಿತ. ಕೀಲಿ ಉತ್ತರವೇ ತಪ್ಪಿರುವ ಪತ್ರಿಕೆಯಲ್ಲಿ ಒಂದು ಮಾದರಿ ಶೇ 97 ತೆಗೆದರೆ ಚಪ್ಪಾಳೆ ತಟ್ಟುವ ಬದಲು ಅನುಮಾನ ಪಡಬೇಕು. ತಪ್ಪು ಉತ್ತರ ಅದಕ್ಕೆ ಹೇಗೆ ಗೊತ್ತಾಯಿತು?

ಗೊತ್ತಾಗಿರಬಹುದಾದ ಮುಖ್ಯ ದಾರಿ: ತರಬೇತಿಯ ಪಠ್ಯದಲ್ಲಿ ಪ್ರಶ್ನೆಪತ್ರಿಕೆ ಸೇರಿಕೊಂಡಿರುವುದು. ಇದನ್ನು ಪತ್ತೆ ಹಚ್ಚಲು ಜಿಪಿಟಿ–3ರ ತಂಡ ಸತತ 13 ಪದಗಳ ಹೊಂದಾಣಿಕೆ ಹುಡುಕಿತು, ಜಿಪಿಟಿ–4ರ ತಂಡ 50 ಅಕ್ಷರಗಳ ತುಣುಕುಗಳನ್ನು ಹೋಲಿಸಿತು. ಯಥಾವತ್ ನಕಲಾದರೆ ಈ ಜರಡಿಯಲ್ಲಿ ಸಿಕ್ಕಿಬೀಳುತ್ತದೆ. ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಬರೆದಿದ್ದರೆ, ಬೇರೆ ಭಾಷೆಗೆ ತಿರುಗಿಸಿದ್ದರೆ, ಯಾರೋ ಉತ್ತರವನ್ನು ಬಿಡಿಸಿ ವಿವರಿಸಿದ್ದರೆ ಸಿಗುವುದಿಲ್ಲ. ಕೆಲವು ಪ್ರಶ್ನೆಗಂಟುಗಳ ಪ್ರತಿ ಫೈಲಿನಲ್ಲೂ ಒಂದು ಉದ್ದನೆಯ ಅರ್ಥವಿಲ್ಲದ ಗುರುತಿನ ಸಾಲು ಇಟ್ಟಿರುತ್ತಾರೆ; ತರಬೇತಿ ಕೊಡುವವರು ಆ ಸಾಲಿರುವ ಪುಟಗಳನ್ನು ಬಿಟ್ಟುಬಿಡಲಿ ಎಂದು. ಅದು ನಡೆಯುವುದು ಅವರ ಪ್ರಾಮಾಣಿಕತೆಯ ಮೇಲೆ.

ಹಾಗಾಗಿ ಅನುಭವಸ್ಥರು ಅಂಕ ನೋಡುವುದಕ್ಕಿಂತ ಹೆಚ್ಚಾಗಿ ಪ್ರಶ್ನೆಯನ್ನು ಸ್ವಲ್ಪ ತಿರುಚಿ, ಉತ್ತರ ಹೇಗೆ ಅಲುಗುತ್ತದೆ ಎಂದು ನೋಡುತ್ತಾರೆ. ಈ ಕ್ಷೇತ್ರದಲ್ಲಿ ನಿಜವಾಗಿ ಏನನ್ನಾದರೂ ತಿಳಿಸಿಕೊಟ್ಟ ವಿಧಾನವಿದ್ದರೆ ಇದೇ.

2024ರಲ್ಲಿ ಆ್ಯಪಲ್ ಸಂಶೋಧಕರು ಶಾಲಾ ಮಟ್ಟದ ಗಣಿತದ ಪ್ರಶ್ನೆಗಳನ್ನು ಅಚ್ಚುಗಳಾಗಿ ಮಾಡಿ ಹೆಸರು, ಸಂಖ್ಯೆ ಬದಲಿಸಿದರು. ಆಮೇಲೆ ಉತ್ತರಕ್ಕೆ ಸಂಬಂಧವೇ ಇಲ್ಲದ ಒಂದು ವಾಕ್ಯ ತುರುಕಿದರು. ಒಬ್ಬ ಶುಕ್ರವಾರ 44 ಕಿವಿ ಹಣ್ಣು ಕೀಳುತ್ತಾನೆ, ಶನಿವಾರ 58, ಭಾನುವಾರ ಶುಕ್ರವಾರದ ಎರಡರಷ್ಟು; ಆದರೆ ಭಾನುವಾರದ ಹಣ್ಣುಗಳಲ್ಲಿ ಐದು ಉಳಿದವುಗಳಿಗಿಂತ ಸ್ವಲ್ಪ ಚಿಕ್ಕವು. ಒಟ್ಟು ಎಷ್ಟು? 44, 58, 88 ಕೂಡಿಸಿದರೆ 190. ಚಿಕ್ಕದಾದರೂ ಹಣ್ಣು ಹಣ್ಣೇ. ಹಲವು ಮಾದರಿಗಳು ಐದು ಕಳೆದು 185 ಎಂದವು. ಇಂಥ ವಾಕ್ಯ ಸೇರಿಸಿದಾಗ ಮಾದರಿಗಳ ನಿಖರತೆ ಗರಿಷ್ಠ ಶೇ 65ರಷ್ಟು ಕಡಿಮೆಯಾಯಿತು. ‘ಆದರೆ’ ಎಂಬ ಪದ, ಅದರ ನಂತರ ಒಂದು ಸಂಖ್ಯೆ: ಶಾಲಾ ಲೆಕ್ಕಗಳಲ್ಲಿ ಈ ಜೋಡಿ ಬಂದಾಗ ಸಾಮಾನ್ಯವಾಗಿ ಕಳೆಯಬೇಕಿರುತ್ತದೆ. ಮಾದರಿ ಕಲಿತದ್ದು ಆ ರೂಢಿಯನ್ನು. ಅವಸರದಲ್ಲಿರುವ ಶಾಲಾ ಮಕ್ಕಳೂ ಹೀಗೇ ಕಳೆದುಬಿಡಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ಮುಂದೆ ಬರೋಣ.

ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ಶಕ್ತಿಯನ್ನು ಅಳೆಯಲು ಮನೋವಿಜ್ಞಾನಿಗಳು 1980ರ ದಶಕದಿಂದ ‘ತಪ್ಪು ನಂಬಿಕೆ’ ಪರೀಕ್ಷೆ ಬಳಸುತ್ತಾರೆ. ಸ್ಯಾಲಿ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋಗುತ್ತಾಳೆ, ಆ್ಯನ್ ಅದನ್ನು ಡಬ್ಬಿಗೆ ಸಾಗಿಸುತ್ತಾಳೆ. ತಿರುಗಿ ಬಂದ ಸ್ಯಾಲಿ ಎಲ್ಲಿ ಹುಡುಕುತ್ತಾಳೆ? ಸಾಮಾನ್ಯವಾಗಿ ನಾಲ್ಕೈದು ವರ್ಷದ ಹೊತ್ತಿಗೆ ಮಕ್ಕಳು ‘ಬುಟ್ಟಿಯಲ್ಲಿ’ ಎನ್ನಲು ಕಲಿಯುತ್ತಾರೆ. 2023ರಲ್ಲಿ ಭಾಷಾ ಮಾದರಿಗಳೂ ಇಂಥ ಪ್ರಶ್ನೆಗಳಿಗೆ ಸರಿಯುತ್ತರ ಕೊಡುತ್ತಿವೆ ಎಂಬ ವರದಿ ಬಂದಾಗ ಹಾರ್ವರ್ಡ್‌ನ ಟೋಮರ್ ಉಲ್‌ಮನ್ ಪ್ರಶ್ನೆಯಲ್ಲಿ ಒಂದೆರಡು ಪದ ಬದಲಿಸಿದರು. ಮೂಲ ಪ್ರಶ್ನೆಯಲ್ಲಿ ಚೀಲದ ತುಂಬ ಪಾಪ್‌ಕಾರ್ನ್, ಹೊರಗಿನ ಚೀಟಿಯಲ್ಲಿ ‘ಚಾಕೊಲೇಟ್’. ಚೀಲ ನೋಡಿದವಳು ಒಳಗೆ ಚಾಕೊಲೇಟ್ ಇದೆ ಎಂದುಕೊಳ್ಳುತ್ತಾಳೆ. ಉಲ್‌ಮನ್ ಅದನ್ನು ಪಾರದರ್ಶಕ ಚೀಲ ಮಾಡಿದರು. ಒಳಗಿನದು ಕಣ್ಣಿಗೆ ಕಾಣುತ್ತದೆ, ಚೀಟಿಗೆ ಬೆಲೆಯಿಲ್ಲ. ಆಗಿನ ಮಾದರಿ ಮಾತ್ರ ಚಾಕೊಲೇಟ್ ಎಂಬ ಹಟ ಬಿಡಲಿಲ್ಲ. ನಂತರದ ಮಾದರಿಗಳು ಇದನ್ನು ಬಿಡಿಸಬಲ್ಲವು ಎಂದು ವಾದಿಸುವವರು ಒಂದು ಸಂಗತಿ ನೆನಪಿಡಬೇಕು: ಆ ಪಾರದರ್ಶಕ ಚೀಲವೂ ಅಷ್ಟೊತ್ತಿಗೆ ಎಲ್ಲರೂ ಓದಿದ ಪ್ರಶ್ನೆಯಾಗಿತ್ತು.

ಇನ್ನೊಂದು ತಿರುಚುವಿಕೆ ಇದಕ್ಕಿಂತ ಚೊಕ್ಕ. ಪ್ರತಿ ಅಕ್ಷರವನ್ನೂ ವರ್ಣಮಾಲೆಯಲ್ಲಿ ನಿಗದಿತ ಸ್ಥಾನ ಮುಂದೆ ಸರಿಸಿ ಬರೆದ ಗುಪ್ತಲಿಪಿಯನ್ನು ಬಿಡಿಸಲು 2023ರ ಒಂದು ಅಧ್ಯಯನದಲ್ಲಿ ಜಿಪಿಟಿ–4ಕ್ಕೆ ಕೊಟ್ಟರು. ಉತ್ತರ ಸಹಜವಾದ ವಾಕ್ಯವಾಗಿದ್ದಾಗ ಶೇ 51 ಸರಿ, ಅಸಹಜ ಪದಜೋಡಣೆ ಆಗಿದ್ದಾಗ ಶೇ 13. ಬಿಡಿಸುವ ನಿಯಮ ಎರಡೂ ಕಡೆ ಒಂದೇ, ಹಂತಗಳೂ ಒಂದೇ. ನಿಯಮವನ್ನು ಅಕ್ಷರ ಅಕ್ಷರಕ್ಕೆ ಅನ್ವಯಿಸುವವರಿಗೆ ವಾಕ್ಯ ಸಹಜವೋ ಅಲ್ಲವೋ ಅಷ್ಟೊಂದು ವ್ಯತ್ಯಾಸ ಮಾಡಬಾರದು. ಮಾಡುತ್ತದೆ ಎಂದರೆ ನಿಯಮದ ಜೊತೆಗೆ ‘ಹೀಗೆ ಇರಬಹುದು’ ಎಂಬ ಊಹೆಯೂ ಕೆಲಸಕ್ಕೆ ಕೈಹಾಕಿದೆ.

ಕಂಠಪಾಠಕ್ಕೆ ಸಿಗದ ಒಗಟು

ನೆನಪಿನಿಂದ ಉತ್ತರಿಸಲಾಗದ ಪ್ರಶ್ನೆ ಹೆಣೆಯುವ ಪ್ರಯತ್ನಗಳಲ್ಲಿ ಎರಡು ಹೆಸರಾದವು. ಒಂದು ವಿನೊಗ್ರಾಡ್ ಸವಾಲು: ‘ಟ್ರೋಫಿ ಸೂಟ್‌ಕೇಸಿನಲ್ಲಿ ಹಿಡಿಸಲಿಲ್ಲ, ಏಕೆಂದರೆ ಅದು ತುಂಬ ದೊಡ್ಡದಿತ್ತು.’ ಯಾವುದು ದೊಡ್ಡದು? ‘ದೊಡ್ಡದು’ ತೆಗೆದು ‘ಚಿಕ್ಕದು’ ಹಾಕಿದರೆ ಉತ್ತರ ತಿರುಗುತ್ತದೆ. ಲೋಕಜ್ಞಾನ ಇಲ್ಲದೆ ಇದು ಬಗೆಹರಿಯದು ಎಂದು ನಂಬಲಾಗಿತ್ತು. 2016ರ ಸ್ಪರ್ಧೆಯಲ್ಲಿ ಗೆದ್ದ ಪ್ರೋಗ್ರಾಂ ಶೇ 58ರ ಹತ್ತಿರ ನಿಂತಿತ್ತು. ಮೂರ್ನಾಲ್ಕು ವರ್ಷಗಳಲ್ಲಿ ಭಾಷಾ ಮಾದರಿಗಳು ಶೇ 90ರ ಗೆರೆಯನ್ನೇ ಮುಟ್ಟಿದವು. ಲೋಕಜ್ಞಾನ ಬಂತು ಎಂದು ಆಗ ಯಾರೂ ಸಂಭ್ರಮಿಸಲಿಲ್ಲ, ಪ್ರಶ್ನೆಗಂಟಿನಲ್ಲೇ ಸುಳಿವು ಸೋರುತ್ತಿದೆ ಎಂದು ಹೊಸದನ್ನು ಕಟ್ಟಲು ಹೊರಟರು.

ಎರಡನೆಯದು ಎಐ ಸಂಶೋಧಕ ಫ್ರಾನ್ಸ್ವಾ ಶೋಲೆ 2019ರಲ್ಲಿ ಮುಂದಿಟ್ಟ ಎಆರ್‌ಸಿ ಎಂಬ ಒಗಟುಗಳ ಗಂಟು. ಇದನ್ನು ಹತ್ತಿರದಿಂದ ನೋಡಬೇಕು. ಚೌಕಳಿ ಹಾಳೆಯಂಥ ಒಂದು ಜಾಲ, ಗರಿಷ್ಠ 30ಕ್ಕೆ 30 ಮನೆ, ಪ್ರತಿ ಮನೆಗೂ ಹತ್ತರಲ್ಲೊಂದು ಬಣ್ಣ. ‘ಹೀಗಿದ್ದದ್ದು ಹೀಗಾಯಿತು’ ಎಂದು ತೋರಿಸುವ ಎರಡು ಮೂರು ಉದಾಹರಣೆ ಜೋಡಿ. ಆಮೇಲೆ ಒಂದು ಹೊಸ ಜಾಲ. ನಿಯಮವನ್ನು ನೀವೇ ಕಂಡುಹಿಡಿದು ಉತ್ತರದ ಜಾಲವನ್ನು ಬಿಡಿಸಬೇಕು. ಉದಾಹರಣೆಗೆ ಜಾಲದಲ್ಲಿ ನಾಲ್ಕು ಆಕಾರಗಳಿವೆ. ಯಾವುದಕ್ಕೆ ಒಳಗೆ ತೂತಿದೆಯೋ ಅದರ ಬಣ್ಣ ಉಳಿದವಕ್ಕೆಲ್ಲ ಬರಬೇಕು, ತೂತು ಮುಚ್ಚಬೇಕು. ಒಂದೇ ಒಂದು ಮನೆ ತಪ್ಪಿದರೂ ಸೊನ್ನೆ. ಭಾಷೆ ಬೇಡ, ಸಾಮಾನ್ಯ ಜ್ಞಾನ ಬೇಡ. ವಸ್ತು ಎಂದರೇನು, ಒಳಗೆ ಹೊರಗೆ, ಎಣಿಕೆ, ಸಮಾಂಗತೆ ಇಷ್ಟು ಸಾಕು. ಪ್ರತಿ ಒಗಟಿಗೂ ನಿಯಮ ಬೇರೆ, ಆದ್ದರಿಂದ ಹಿಂದಿನದು ನೆನಪಿದ್ದು ಪ್ರಯೋಜನವಿಲ್ಲ.

ಜಿಪಿಟಿ–3 ಇದರಲ್ಲಿ ಸೊನ್ನೆ ತೆಗೆದಿತ್ತು. 2024ರ ಡಿಸೆಂಬರ್‌ನಲ್ಲಿ ಓಪನ್‌ಎಐನ ಒ3 ಮಾದರಿ ಶೇ 75.7, ಅದರ 172 ಪಟ್ಟು ಗಣನಶಕ್ತಿ ಸುರಿದಾಗ ಶೇ 87.5 ಪಡೆಯಿತು. 172 ಪಟ್ಟು ಖರ್ಚಿಗೆ 12 ಅಂಕ. ಈ ಲೆಕ್ಕವೇ ಒಂದು ಸಾಕ್ಷ್ಯ: ಒಗಟಿನ ನಿಯಮ ಒಮ್ಮೆ ಹೊಳೆದ ಮನುಷ್ಯರಿಗೆ ಹೆಚ್ಚು ಸಮಯ ಕೊಟ್ಟು ಉಪಯೋಗವಿಲ್ಲ, ಹೊಳೆಯದವರಿಗೂ ಅಷ್ಟಾಗಿ ಇಲ್ಲ, ಖರ್ಚು ಏರಿದಂತೆ ಅಂಕ ನಿಧಾನವಾಗಿ ಏರುತ್ತದೆ ಎಂದರೆ ಒಳಗೆ ದೊಡ್ಡ ಪ್ರಮಾಣದ ಹುಡುಕಾಟ ನಡೆದಿದೆ ಎಂದು ಶಂಕಿಸಬಹುದು. ಆಮೇಲಿಂದ ಎಆರ್‌ಸಿ ಅಂಕದ ಪಕ್ಕದಲ್ಲಿ ಪ್ರತಿ ಒಗಟಿಗೆ ತಗುಲಿದ ಖರ್ಚನ್ನೂ ಬರೆಯುವುದು ರೂಢಿಯಾಯಿತು. 2025ರ ಮಾರ್ಚ್‌ನಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಪ್ರತಿ ಒಗಟನ್ನೂ ಕನಿಷ್ಠ ಇಬ್ಬರು ಮನುಷ್ಯರು ಎರಡು ಯತ್ನದೊಳಗೆ ಬಿಡಿಸಿದ್ದಾರೆ ಎಂದು ಖಚಿತಪಡಿಸಿಕೊಂಡರು. ಬಿಡುಗಡೆಯ ಹೊತ್ತಿಗೆ ಯಂತ್ರಗಳ ಅಂಕ ಒಂದಂಕಿ ದಾಟಿರಲಿಲ್ಲ.

ಎಆರ್‌ಸಿಯೂ ನಿಷ್ಪಕ್ಷಪಾತಿಯಲ್ಲ. ನಮಗೆ ಅದು ಚಿತ್ರ. ಭಾಷಾ ಮಾದರಿಗೆ ಸಾಮಾನ್ಯವಾಗಿ ಸಂಖ್ಯೆಗಳ ಸಾಲು. 30ಕ್ಕೆ 30ರ ಜಾಲ ಎಂದರೆ 900 ಅಂಕಿಗಳು ಒಂದರ ಹಿಂದೆ ಒಂದು. ಮೇಲಿನ ಮನೆಗೂ ಕೆಳಗಿನ ಮನೆಗೂ ನಡುವೆ 30 ಅಂಕಿಗಳ ದೂರ. ನಿಮಗೂ ಹಾಗೆಯೇ ಓದಿ ಹೇಳಿದರೆ ಬಿಡಿಸುವುದು ಅನುಮಾನ.

ಇಲ್ಲಿಯೇ ಒಂದು ಎಚ್ಚರ ಬೇಕು. ಎಲ್ಲ ಸೋಲೂ ಯೋಚನೆಯ ಸೋಲಲ್ಲ. ಇಂಗ್ಲಿಷಿನ ‘ಸ್ಟ್ರಾಬೆರಿ’ ಪದದಲ್ಲಿ ‘ಆರ್’ ಎಷ್ಟಿವೆ ಎಂದರೆ ಮೂರರ ಬದಲು ಎರಡು ಎನ್ನುತ್ತಿದ್ದ ಮಾದರಿಗಳನ್ನು ಜನ ಗೇಲಿ ಮಾಡಿದರು. ಮಾದರಿಗೆ ಅಕ್ಷರಗಳು ಕಾಣುವುದೇ ಇಲ್ಲ. ಪಠ್ಯ ಒಳಗೆ ಹೋಗುವ ಮುನ್ನವೇ ಟೋಕನ್ ಎಂಬ ತುಂಡುಗಳಾಗಿ, ಪ್ರತಿ ತುಂಡೂ ಒಂದು ಸಂಖ್ಯೆಯಾಗಿ ಬದಲಾಗಿರುತ್ತದೆ. ಅದು ನೋಟದ ಮಿತಿ. ದೃಷ್ಟಿಭ್ರಮೆಗೆ ಒಳಗಾದ ಮನುಷ್ಯರಿಗೆ ಬುದ್ಧಿಯಿಲ್ಲ ಎಂದು ನಾವು ಹೇಳುವುದಿಲ್ಲವಲ್ಲ.

ತಪ್ಪು ಮನುಷ್ಯರದ್ದೇ ಆಗಿದ್ದರೆ?

ಮಕ್ಕಳೂ ಕಿವಿ ಹಣ್ಣಿನ ಲೆಕ್ಕದಲ್ಲಿ ಎಡವಬಹುದು ಎಂಬ ಆಕ್ಷೇಪ ಇಲ್ಲಿ ಸೇರುತ್ತದೆ. ಮನುಷ್ಯರಂತೆ ಯೋಚಿಸುವ ಯಂತ್ರ ಮನುಷ್ಯರು ತಪ್ಪುವಲ್ಲೇ ತಪ್ಪಬೇಕು, ಅವರು ತಪ್ಪದಲ್ಲಿ ತಪ್ಪಬಾರದು. ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ರೂಪಿಸಿದ ನಾಲ್ಕು ಕಾರ್ಡುಗಳ ಒಗಟು ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೇಜಿನ ಮೇಲೆ ಎ, ಕೆ, 4, 7. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಸಂಖ್ಯೆ. ‘ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ’ ಎಂಬ ನಿಯಮ ನಿಜವೇ ಎಂದು ನೋಡಲು ಯಾವ ಕಾರ್ಡುಗಳನ್ನು ತಿರುಗಿಸಬೇಕು? ಬಹಳ ಜನ ಎ ಮತ್ತು 4 ಎನ್ನುತ್ತಾರೆ. ಸರಿಯುತ್ತರ ಎ ಮತ್ತು 7. ಹತ್ತರಲ್ಲೊಬ್ಬರಿಗಷ್ಟೇ ಇದು ಹೊಳೆಯುತ್ತದೆ. ಅದೇ ತರ್ಕವನ್ನು ‘ಮದ್ಯ ಕುಡಿಯುತ್ತಿದ್ದರೆ ಕಾನೂನು ಹೇಳುವ ವಯಸ್ಸು ದಾಟಿರಬೇಕು’ ಎಂಬ ನಿಯಮವಾಗಿ ಕೇಳಿದರೆ ಹೆಚ್ಚಿನವರು ಸರಿ ಹೇಳುತ್ತಾರೆ. ಭಾಷಾ ಮಾದರಿಗಳಲ್ಲೂ ಇದೇ ಏರಿಳಿತ ಕಂಡಿದೆ: ಪರಿಚಿತ ಸನ್ನಿವೇಶವಿದ್ದರೆ ಸರಾಗ, ಬರಿಯ ಚಿಹ್ನೆಗಳಿದ್ದರೆ ತಡಬಡಿಕೆ.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದದ್ದು 2025ರಲ್ಲಿ ‘ನೇಚರ್’ನಲ್ಲಿ ಪ್ರಕಟವಾದ ಸೆಂಟಾರ್. 160 ಮನೋವೈಜ್ಞಾನಿಕ ಪ್ರಯೋಗಗಳಲ್ಲಿ 60 ಸಾವಿರಕ್ಕೂ ಹೆಚ್ಚು ಜನ ಮಾಡಿದ ಒಂದು ಕೋಟಿಗೂ ಹೆಚ್ಚು ಆಯ್ಕೆಗಳ ಮೇಲೆ ತರಬೇತಿ ಪಡೆದ ಮಾದರಿ ಅದು. ಜನ ಮುಂದೆ ಏನನ್ನು ಆರಿಸುತ್ತಾರೆ ಎಂದು ಚೆನ್ನಾಗಿ ಊಹಿಸುತ್ತದೆ. ಊಹೆ ಸರಿಯಾದ ಮಾತ್ರಕ್ಕೆ ಒಳಗಿನ ಕ್ರಮವೂ ಒಂದೇ ಎಂದಾಗುವುದಿಲ್ಲ. ತತ್ವಜ್ಞಾನಿ ನೆಡ್ ಬ್ಲಾಕ್ 1981ರಲ್ಲೇ ಇದನ್ನು ಎತ್ತಿ ತೋರಿಸಿದ್ದರು: ಸಾಧ್ಯವಿರುವ ಎಲ್ಲ ಸಂಭಾಷಣೆಗಳನ್ನೂ ಮೊದಲೇ ಬರೆದಿಟ್ಟುಕೊಂಡು ಹುಡುಕಿ ಓದುವ ಯಂತ್ರವೊಂದಿದ್ದರೆ ಅದರ ಹೊರನಡತೆ ಪರಿಪೂರ್ಣ, ಬುದ್ಧಿ ಸೊನ್ನೆ. ನಿಯಮಪುಸ್ತಕ ನೋಡಿ ಚೀನೀ ಚಿಹ್ನೆಗಳನ್ನು ಜೋಡಿಸಿದ ಮಾತ್ರಕ್ಕೆ ಆ ಭಾಷೆ ಅರ್ಥವಾದಂತಲ್ಲ ಎನ್ನುವ, ತತ್ವಜ್ಞಾನಿ ಜಾನ್ ಸರ್ಲ್ ಅವರ 1980ರ ‘ಚೀನೀ ಕೋಣೆ’ ವಾದದ ಮೇಲೆ ಚರ್ಚೆ ಇನ್ನೂ ಮುಗಿದಿಲ್ಲ. ಪರೀಕ್ಷೆ ಕಟ್ಟುವವರಿಗೆ ಬ್ಲಾಕ್ ವಾದವೇ ಹೆಚ್ಚು ಉಪಯುಕ್ತ. ಹೊರಗಿನಿಂದ ಸಾಲದು, ಮುಚ್ಚಳ ತೆಗೆದು ನೋಡಬೇಕು ಎಂಬುದು ಅದರ ಸಾರ.

ಮುಚ್ಚಳ ತೆಗೆದಾಗ

2022ರ ಒಂದು ಪ್ರಯೋಗದಲ್ಲಿ ಚಿಕ್ಕ ಮಾದರಿಯೊಂದಕ್ಕೆ ಒಥೆಲೊ ಆಟದ ನಡೆಗಳ ಪಟ್ಟಿಯನ್ನಷ್ಟೇ ಕಲಿಸಿದರು. ಮಣೆ ಇದೆ, ಕಪ್ಪು ಬಿಳಿ ಕಾಯಿಗಳಿವೆ ಎಂದು ಯಾರೂ ಹೇಳಿಕೊಡಲಿಲ್ಲ. ಒಳಗಿನ ಸಂಖ್ಯೆಗಳನ್ನು ಬಗೆದಾಗ ಆ ಕ್ಷಣದ ಮಣೆಯ ಸ್ಥಿತಿ ಅಲ್ಲಿ ಮೂಡಿತ್ತು. ಸಂಶೋಧಕರು ಅಲ್ಲಿಗೆ ನಿಲ್ಲಿಸಲಿಲ್ಲ. ಒಳಗಿನ ಆ ಮಣೆಯಲ್ಲಿ ಒಂದು ಕಾಯಿಯನ್ನು ತಿರುಗಿಸಿದರು. ಮಾದರಿ ಹೇಳುವ ನಡೆಗಳು ಬದಲಾದ ಮಣೆಗೆ ತಕ್ಕಂತೆ ಬದಲಾದವು. ‘ಒಳಗೆ ಏನೋ ಕಾಣುತ್ತದೆ’ ಎಂಬುದಕ್ಕೂ ‘ಅದನ್ನು ಬಳಸಿ ಉತ್ತರ ಹೇಳುತ್ತದೆ’ ಎಂಬುದಕ್ಕೂ ಇರುವ ಅಂತರವನ್ನು ದಾಟಿಸುವುದು ಇಂಥ ಕೈಹಾಕುವಿಕೆ ಮಾತ್ರ. ಬರಿಯ ಗಿಳಿಪಾಠ ಎನ್ನುವವರಿಗೆ ಈ ಪ್ರಯೋಗ ನುಂಗಲಾರದ ತುತ್ತು.

ಇನ್ನೊಂದು 2025ರದು. ಎಐ ಕಂಪನಿ ಆಂಥ್ರೊಪಿಕ್‌ನ ತಂಡ ತಮ್ಮ ಕ್ಲಾಡ್ 3.5 ಹೈಕು ಮಾದರಿ 36ಕ್ಕೆ 59 ಕೂಡಿಸುವುದನ್ನು ಒಳಗಿನಿಂದ ಹಿಂಬಾಲಿಸಿತು. ಎರಡು ದಾರಿಗಳು ಒಟ್ಟಿಗೆ ಓಡುತ್ತಿದ್ದವು: ಒಂದು ಮೊತ್ತ ಸುಮಾರು ಎಷ್ಟಿರಬೇಕು ಎಂದು ಅಂದಾಜಿಸುತ್ತದೆ, ಇನ್ನೊಂದು 6 ಮತ್ತು 9ರಲ್ಲಿ ಕೊನೆಯಾಗುವ ಸಂಖ್ಯೆಗಳ ಮೊತ್ತ 5ರಲ್ಲಿ ಕೊನೆಯಾಗಬೇಕು ಎಂದು ಹಿಡಿಯುತ್ತದೆ. ಎರಡೂ ಸೇರಿ 95. ಹೇಗೆ ಮಾಡಿದೆ ಎಂದು ಕೇಳಿದರೆ ಅದೇ ಮಾದರಿ, 6ಕ್ಕೆ 9 ಕೂಡಿಸಿ 15, ಕೈಯಲ್ಲಿ ಒಂದು ಉಳಿಸಿಕೊಂಡು ಎಂದು ಶಾಲೆಯ ಪಾಠ ಒಪ್ಪಿಸುತ್ತದೆ. ಉತ್ತರ ಸರಿ, ವಿವರಣೆ ಕಟ್ಟುಕಥೆ.

ಯಂತ್ರ ‘ಹಂತಹಂತವಾಗಿ ಯೋಚಿಸಿ’ ಬರೆದು ತೋರಿಸುವುದನ್ನು ಅದರ ಯೋಚನೆಯ ದಾಖಲೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು. 2023ರ ಮತ್ತೊಂದು ಪ್ರಯೋಗದಲ್ಲಿ ಮೊದಲಿಗೆ ತೋರಿಸುವ ಉದಾಹರಣೆ ಪ್ರಶ್ನೆಗಳ ಸರಿಯುತ್ತರವೆಲ್ಲ ಮೊದಲ ಆಯ್ಕೆಯೇ ಆಗುವಂತೆ ಜೋಡಿಸಿದಾಗ, ಮಾದರಿಗಳು ಆ ವಾಲಿಕೆಗೆ ಬಿದ್ದು ತಪ್ಪು ಆಯ್ಕೆ ಮಾಡಿದವು, ಅದಕ್ಕೆ ತರ್ಕಬದ್ಧವಾಗಿ ತೋರುವ ಕಾರಣವನ್ನೂ ಬರೆದವು. ಜೋಡಣೆಯ ಪ್ರಸ್ತಾಪವೇ ಇಲ್ಲ. ಮನುಷ್ಯರು ಇದರಲ್ಲಿ ಸಾಚಾ ಎಂದೇನಲ್ಲ. ಮನೋವಿಜ್ಞಾನಿಗಳಾದ ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಒಂದೇ ಥರದ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿಟ್ಟಾಗ ಜನ ಬಲತುದಿಯದನ್ನೇ ಹೆಚ್ಚಾಗಿ ಆರಿಸಿದರು. ಕಾರಣ ಕೇಳಿದರೆ ನೇಯ್ಗೆ, ಗುಣಮಟ್ಟ ಎಂದರೇ ಹೊರತು ಇಟ್ಟ ಜಾಗ ಎನ್ನಲಿಲ್ಲ. ಸುಳ್ಳು ವಿವರಣೆ ಕೊಡುವುದರಲ್ಲಿ ಯಂತ್ರ ನಮ್ಮನ್ನು ಚೆನ್ನಾಗಿಯೇ ಹೋಲುತ್ತದೆ.

ಪ್ರಜ್ಞೆಯ ವಿಷಯ ಬೇರೆಯದೇ ಕಡತ. 2023ರಲ್ಲಿ ತತ್ವಜ್ಞಾನಿಗಳು ಮತ್ತು ನರವಿಜ್ಞಾನಿಗಳು ಸೇರಿ ಪ್ರಜ್ಞೆಯ ಸಿದ್ಧಾಂತಗಳಿಂದ 14 ಲಕ್ಷಣಗಳನ್ನು ಆರಿಸಿ, ಆಗಿನ ಯಾವ ಎಐ ವ್ಯವಸ್ಥೆಯೂ ಬಲವಾದ ಅಭ್ಯರ್ಥಿಯಲ್ಲ ಎಂದರು. ಯೋಚನೆಯ ಪರೀಕ್ಷೆಗೂ ಅದಕ್ಕೂ ಗಂಟು ಹಾಕದಿರುವುದು ಒಳ್ಳೆಯದು.

ನೀವೇ ಪರೀಕ್ಷಿಸುವುದಾದರೆ

ಮೊದಲು ಕಾಗದದ ಮೇಲೆ ಒಂದು ವಾಕ್ಯ ಬರೆಯಿರಿ: ಯಾವ ಸಾಮರ್ಥ್ಯ, ಯಾವ ಫಲಿತಾಂಶ ಬಂದರೆ ‘ಇಲ್ಲ’ ಎಂದು ಒಪ್ಪುತ್ತೀರಿ. ಉತ್ತರ ನೋಡಿದ ಮೇಲೆ ಈ ವಾಕ್ಯ ಬರೆದರೆ ಎಂಥ ಫಲಿತಾಂಶವನ್ನೂ ಸಮರ್ಥಿಸಬಹುದು.

ಪ್ರಶ್ನೆಗಳನ್ನು ಹೊಸದಾಗಿ ಹೆಣೆಯಿರಿ, ಆನ್‌ಲೈನ್‌ನಲ್ಲಿ ಹಾಕಬೇಡಿ. ಪ್ರತಿ ಪ್ರಶ್ನೆಗೂ ನಾಲ್ಕು ರೂಪ ಸಾಕು: ಮೂಲ, ಹೆಸರು ಮತ್ತು ಸಂಖ್ಯೆ ಬದಲಿಸಿದ್ದು, ಸಂಬಂಧವಿಲ್ಲದ ಒಂದು ವಾಕ್ಯ ಸೇರಿಸಿದ್ದು, ಒಂದೇ ಪದ ಬದಲಿಸಿ ಉತ್ತರವೇ ತಿರುಗುವಂತೆ ಮಾಡಿದ್ದು. ಮೊದಲ ಮೂರರಲ್ಲಿ ಸರಿ, ನಾಲ್ಕನೆಯದರಲ್ಲಿ ಹಳೆಯ ಉತ್ತರ ಬಂದರೆ ಮಾದರಿಗೆ ಪ್ರಶ್ನೆಯ ಮುಖಪರಿಚಯ ಮಾತ್ರ ಇದೆ. ಮೂರನೆಯದರಲ್ಲಿ ಮಾತ್ರ ಬಿದ್ದರೆ ಗಮನ ಕೇಂದ್ರೀಕರಿಸುವುದರಲ್ಲಿ ತೊಂದರೆ. ನಾಲ್ಕರಲ್ಲೂ ಬಿದ್ದರೆ ವಿಷಯವೇ ಗೊತ್ತಿಲ್ಲ, ಅಥವಾ ಪ್ರಶ್ನೆ ಸರಿಯಿಲ್ಲ; ಮೊದಲು ಪ್ರಶ್ನೆಯನ್ನೇ ಅನುಮಾನಿಸಿ.

ಒಂದೇ ಪ್ರಶ್ನೆಯನ್ನು ಪ್ರತಿ ಸಲವೂ ಹೊಸ ಸಂಭಾಷಣೆಯಲ್ಲಿ ಕನಿಷ್ಠ ಐದು ಸಲ ಕೇಳಿ. ಭಾಷಾ ಮಾದರಿಯ ಉತ್ತರದಲ್ಲಿ ಯಾದೃಚ್ಛಿಕತೆ ಇರುತ್ತದೆ. ಅದರ ಮಟ್ಟ ನಿಯಂತ್ರಿಸುವ ‘ಟೆಂಪರೇಚರ್’ ಎಂಬ ಸೆಟ್ಟಿಂಗನ್ನು ಸೊನ್ನೆಗೆ ಇಳಿಸಿದರೂ ಪೂರ್ತಿ ಹೋಗುವ ಖಾತರಿಯಿಲ್ಲ. ಆಯ್ಕೆಗಳಿದ್ದರೆ ಅವುಗಳ ಕ್ರಮ ಕಲಸಿ. ಅದೇ ಸಂಭಾಷಣೆಯಲ್ಲಿ ‘ಖಚಿತವೇ?’ ಎಂದು ಕೇಳಿ ಉತ್ತರ ಬದಲಿಸಿಕೊಂಡರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಿಮ್ಮ ಅನುಮಾನವೇ ಅದಕ್ಕೆ ಸುಳಿವು. 1907ರಲ್ಲಿ ಆಸ್ಕರ್ ಫುಂಗ್ಸ್ಟ್, ಲೆಕ್ಕ ಮಾಡುತ್ತದೆ ಎಂದು ಹೆಸರಾಗಿದ್ದ ಹ್ಯಾನ್ಸ್ ಎಂಬ ಕುದುರೆಯ ಗುಟ್ಟು ಬಿಡಿಸಿದ್ದು ಪ್ರಶ್ನೆ ಕೇಳುವವರಿಗೂ ಉತ್ತರ ಗೊತ್ತಿರದಂತೆ ನೋಡಿಕೊಂಡು. ಕುದುರೆ ಕೇಳುವವರ ಮೈಯ ಸೂಕ್ಷ್ಮ ಚಲನೆ ಓದಿ ಗೊರಸು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಉತ್ತರ ತಿದ್ದುವವರಿಗೂ ಇದು ಯಾರ ಉತ್ತರ ಎಂದು ತಿಳಿಯಬಾರದು. ತಿದ್ದುವ ಕೆಲಸವನ್ನು ಇನ್ನೊಂದು ಭಾಷಾ ಮಾದರಿಗೆ ಒಪ್ಪಿಸಿದರೆ ಅದು ಉದ್ದನೆಯ ಉತ್ತರಕ್ಕೆ, ಮೊದಲು ಕಂಡ ಉತ್ತರಕ್ಕೆ ವಾಲುತ್ತದೆ. ಕ್ರಮ ಅದಲು ಬದಲು ಮಾಡಿ ಎರಡು ಸಲ ತಿದ್ದಿಸಿ.

ಸಂಖ್ಯೆಯ ವಿಷಯದಲ್ಲಿ ಜಿಪುಣತನ ಬೇಡ. 100 ಪ್ರಶ್ನೆಗಳಲ್ಲಿ ಅರ್ಧ ಸರಿಯಾದರೆ ಆಚೀಚೆ ಸುಮಾರು 10 ಅಂಕಗಳ ಅನಿಶ್ಚಿತತೆ ಇರುತ್ತದೆ, 1000 ಪ್ರಶ್ನೆಗಳಾದರೆ 3. ಶೇ 80 ತೆಗೆದ ಮಾದರಿಗೂ ಶೇ 85 ತೆಗೆದದ್ದಕ್ಕೂ ನಿಜವಾಗಿ ವ್ಯತ್ಯಾಸವಿದೆ ಎನ್ನಲು ಎರಡೂ ಕಡೆ ಸುಮಾರು 900 ಪ್ರಶ್ನೆ ಬೇಕು. ಎರಡಕ್ಕೂ ಅದೇ ಪ್ರಶ್ನೆಗಳನ್ನು ಕೊಟ್ಟು ಒಂದೊಂದನ್ನೇ ಹೋಲಿಸಿದರೆ ಕಡಿಮೆಯಲ್ಲಿ ಮುಗಿಯುತ್ತದೆ. ಐದು ಸಲ ಕೇಳಿದ್ದನ್ನು ಐದು ಪ್ರಶ್ನೆ ಎಂದು ಎಣಿಸುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಮನುಷ್ಯರ ಗುಂಪೊಂದಕ್ಕೂ ಅದೇ ಪತ್ರಿಕೆ, ಅದೇ ಸೂಚನೆ, ಅಷ್ಟೇ ಉದಾಹರಣೆ ಕೊಡಲೇಬೇಕು. ಇದನ್ನು ಬಿಟ್ಟ ಅಧ್ಯಯನದಲ್ಲಿ ‘ಮನುಷ್ಯರಂತೆ’ ಎಂಬ ಮಾತಿಗೆ ಆಧಾರವೇ ಇರುವುದಿಲ್ಲ. ಗುಂಪನ್ನು ಆನ್‌ಲೈನ್‌ನಲ್ಲಿ ಹಣ ಕೊಟ್ಟು ಸೇರಿಸಿದರೆ ಇನ್ನೊಂದು ಬಲೆ ಕಾದಿದೆ. ಪಠ್ಯ ಸಾರಾಂಶ ಬರೆಯುವ ಕೆಲಸ ಕೊಟ್ಟ 2023ರ ಒಂದು ಅಧ್ಯಯನದ ಅಂದಾಜಿನಂತೆ ಅಂಥ ಕೆಲಸಗಾರರಲ್ಲಿ ಶೇ 33ರಿಂದ 46ರಷ್ಟು ಜನ ಭಾಷಾ ಮಾದರಿಯಿಂದಲೇ ಬರೆಸಿ ಕೊಟ್ಟಿದ್ದರು. ಹಾಗಾದಲ್ಲಿ ನೀವು ಯಂತ್ರವನ್ನು ಯಂತ್ರಕ್ಕೇ ಹೋಲಿಸಿ ಎರಡೂ ಒಂದೇ ಎಂದು ವರದಿ ಬರೆಯುತ್ತೀರಿ. ಪಠ್ಯವನ್ನು ಚಿತ್ರವಾಗಿ ಕೊಡುವುದು, ನಕಲು ಅಂಟಿಸುವುದನ್ನು ತಡೆಯುವುದು, ಸಾಧ್ಯವಾದರೆ ಎದುರು ಕೂರಿಸಿ ಬರೆಸುವುದು ಇವೇ ಪರಿಹಾರ.

ಫಲಿತಾಂಶ ಬರೆಯುವಾಗ ಮಾದರಿಯ ಪೂರ್ತಿ ಹೆಸರು ಮತ್ತು ಆವೃತ್ತಿ, ಕೇಳಿದ ದಿನಾಂಕ, ಪ್ರಾಂಪ್ಟಿನ (ಮಾದರಿಗೆ ಬರೆದು ಕೊಟ್ಟ ಸೂಚನೆಯ) ಪೂರ್ಣಪಾಠ, ಪ್ರತಿ ಪ್ರಶ್ನೆಗೆ ತಗುಲಿದ ಖರ್ಚು, ನಾಲ್ಕೂ ರೂಪಗಳ ಪ್ರತ್ಯೇಕ ಅಂಕ, ತಪ್ಪಿದ ಉತ್ತರಗಳ ಪಟ್ಟಿ ಇರಲಿ. ಒಂದೇ ಹೆಸರಿನ ಹಿಂದೆ ಕಂಪನಿಗಳು ಮಾದರಿಯನ್ನು ಸದ್ದಿಲ್ಲದೆ ಬದಲಿಸುತ್ತಿರುತ್ತವೆ. ದಿನಾಂಕವಿಲ್ಲದ ಅಂಕವನ್ನು ಬೇರೆಯವರು ಮತ್ತೆ ಪರೀಕ್ಷಿಸಲಾರರು.

ಒಂದು ಪರೀಕ್ಷೆಯಂತೂ ಇನ್ನೂ ಸರಿಯಾಗಿ ರೂಪುಗೊಂಡಿಲ್ಲ. ಮೇಲೆ ಹೇಳಿದ ಎಲ್ಲವೂ ಒಂದೇ ಕೂರಿಕೆಯಲ್ಲಿ ಮುಗಿಯುವಂಥವು. ಮನುಷ್ಯರು ಸೋಮವಾರ ತಪ್ಪಿದ್ದನ್ನು ಗುರುವಾರ ತಿದ್ದಿಕೊಂಡು, ಅದರಿಂದ ಬೇರೊಂದು ಕೆಲಸಕ್ಕೆ ಪಾಠ ಎಳೆಯುತ್ತಾರೆ. ಇವತ್ತಿನ ಬಹುತೇಕ ಭಾಷಾ ಮಾದರಿಗಳ ಒಳಗಿನ ಸಂಖ್ಯೆಗಳು ತರಬೇತಿ ಮುಗಿದ ಮೇಲೆ ಸಂಭಾಷಣೆಯಿಂದ ಬದಲಾಗುವುದಿಲ್ಲ. ನೆನಪಿನಂತೆ ಕಾಣುವುದು ಪಕ್ಕದಲ್ಲಿಟ್ಟ ಟಿಪ್ಪಣಿ. ಎಆರ್‌ಸಿಯ ಮೂರನೇ ಆವೃತ್ತಿ ಸೂಚನೆಯೇ ಇಲ್ಲದ ಚಿಕ್ಕ ಆಟಗಳನ್ನು ಕೊಟ್ಟು, ಗುರಿ ಏನೆಂದು ಆಡುತ್ತಲೇ ಕಂಡುಕೊಳ್ಳಬೇಕು ಎಂದು ಆ ಕಡೆಗೆ ಹೊರಟಿದೆ. ವಾರಗಟ್ಟಲೆ ನಡೆಯುವ ಪರೀಕ್ಷೆ ಮಾಡುವುದಾದರೆ ಮೊದಲ ದಿನ ಒಂದು ಕೃತಕ ನಿಯಮ ಕಲಿಸಿ, ಮೂರನೆಯ ದಿನ ಅದಕ್ಕೊಂದು ಅಪವಾದ ತೋರಿಸಿ, ಏಳನೆಯ ದಿನ ನಿಯಮದ ಹೆಸರೆತ್ತದೆ ಅದನ್ನೂ ಅಪವಾದವನ್ನೂ ಒಟ್ಟಿಗೆ ಬಳಸಬೇಕಾದ ಹೊಸ ಸಮಸ್ಯೆ ಕೊಡಿ. ಒಮ್ಮೆ ಟಿಪ್ಪಣಿ ಇಟ್ಟುಕೊಳ್ಳಲು ಬಿಟ್ಟು, ಇನ್ನೊಮ್ಮೆ ಬಿಡದೆ. ಎರಡರ ನಡುವಿನ ಅಂತರವನ್ನು ಮನುಷ್ಯರ ಗುಂಪಿನಲ್ಲಿ ಬರುವ ಅಂತರದ ಪಕ್ಕದಲ್ಲಿಟ್ಟು ನೋಡಿ.